ಮೂರಡಿ ಟ್ಯಾಂಕ್‌ನಲ್ಲಿ ಏಂಜೆಲ್ ಮೀನಿನ ರೆಕ್ಕೆ ಹರಿಯುತ್ತಿದೆ: ಕಚ್ಚಾಟವೋ, ಫಿನ್ ರಾಟೋ (ರೆಕ್ಕೆ ಕೊಳೆಯುವ ರೋಗ)?

ಪಾಚಿಕಲ್ಲು:
ಟ್ಯಾಂಕ್ 36×12×15 ಇಂಚು. ಮೇಲೆ ಟಾಪ್ ಫಿಲ್ಟರ್, ಮೂಲೆಯಲ್ಲಿ ಒಂದು ಸ್ಪಂಜ್ ಫಿಲ್ಟರ್. ಒಳಗಿರುವುದು: ಏಂಜೆಲ್ 2, ಟೈಗರ್ ಬಾರ್ಬ್ 5, ನೀಲಿ ಗೌರಾಮಿ 1, ಗಂಡು ಗಪ್ಪಿ 4, ‘ಸಕ್ಕರ್’ ಎಂದು ಅಂಗಡಿಯಲ್ಲಿ ಕೊಟ್ಟ ಹಳದಿ ಮೀನು 1 (ಸುಮಾರು 4 ಇಂಚು).

ಬೋರ್‌ವೆಲ್ ಮತ್ತು ಕಾವೇರಿ ನೀರು ಬೆರೆಸಿದ್ದು. ಪಿಎಚ್ 7.8, ಅಮೋನಿಯಾ 0.25, ನೈಟ್ರೈಟ್ 0, ನೈಟ್ರೇಟ್ 40 (ಮೂರೂ ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ), ಉಷ್ಣತೆ 26 ಡಿಗ್ರಿ.

ಒಂದು ಏಂಜೆಲ್‌ನ ಬಾಲದ ಕೆಳತುದಿಯಲ್ಲಿ ಎರಡು ಕಡೆ ತುಂಡು ಹೋಗಿದೆ, ಅಂಚು ಸ್ವಲ್ಪ ಬೆಳ್ಳಗಿದೆ. ಹೊಟ್ಟೆಯ ಕೆಳಗೆ ಇಳಿಬಿದ್ದಿರುವ ಎರಡು ಎಳೆಗಳೂ ಅರ್ಧಕ್ಕೆ ತುಂಡಾಗಿವೆ. ಊಟ ಸರಿಯಾಗಿ ಮಾಡುತ್ತಿದೆ. ಅಂಗಡಿಯವರು ಮೆಥಿಲೀನ್ ಬ್ಲೂ ಮತ್ತು ಆಂಟಿಬಯೋಟಿಕ್ ಕ್ಯಾಪ್ಸೂಲ್ ಎರಡನ್ನೂ ಕೊಟ್ಟಿದ್ದಾರೆ. ಯಾವುದನ್ನು ಮೊದಲು ಹಾಕಲಿ?

ಗುಳ್ಳೆಗೂಡು:
ಸದ್ಯಕ್ಕೆ ಎರಡೂ ಬೇಡ. ದೊಡ್ಡ ಟ್ಯಾಂಕ್‌ಗಂತೂ ಖಂಡಿತ ಬೇಡ. ಆ ಔಷಧಿಗಳು ಫಿಲ್ಟರ್‌ನಲ್ಲಿ ಮೀನಿನ ಕೊಳೆಯಿಂದ ಬರುವ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತವೆ. ನಿಮ್ಮಲ್ಲಿ ಈಗಲೇ 0.25 ಅಮೋನಿಯಾ ಇದೆ, ಫಿಲ್ಟರ್ ಸತ್ತರೆ ಮೂರನೇ ದಿನಕ್ಕೆ ಅದು 1 ದಾಟಬಹುದು. ಆಗ ರೆಕ್ಕೆಯ ಚಿಂತೆ ಹೋಗಿ ಕಿವಿರಿನ ಚಿಂತೆ ಶುರುವಾಗುತ್ತದೆ.

ಮೊದಲು ಗಾಯವನ್ನು ಓದಬೇಕು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ.

ಕಚ್ಚಿದ ಗಾಯ ಅರ್ಧಚಂದ್ರದ ಹಾಗೆ ಇರುತ್ತದೆ, ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣುಪು. ನಿನ್ನೆ ಇದ್ದ ರೆಕ್ಕೆ ಇವತ್ತು ಒಮ್ಮೆಲೇ ಕಾಣೆಯಾಗಿರುತ್ತದೆ. ಕಲ್ಲಿಗೋ ಪ್ಲಾಸ್ಟಿಕ್ ಗಿಡಕ್ಕೋ ಸಿಕ್ಕಿ ಹರಿದದ್ದಾದರೆ ರೆಕ್ಕೆಯ ಕಡ್ಡಿಗಳ ನಡುವೆ ಉದ್ದಕ್ಕೆ ಸೀಳು ಬಿಟ್ಟಿರುತ್ತದೆ, ತುಂಡು ಹೋಗಿರುವುದಿಲ್ಲ. ಫಿನ್ ರಾಟ್ ಹಾಗಲ್ಲ. ಅದು ಅಂಚಿನಿಂದ ಒಳಕ್ಕೆ ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತಾ ಬರುತ್ತದೆ. ಅಂಚು ಜೂಲುಜೂಲಾಗಿ, ಹಾಲುಬಿಳುಪಾಗಿ ಅಥವಾ ಕಪ್ಪಾಗಿ, ಜೋರಾದಾಗ ಕೆಂಪು ಗೆರೆಗಳೊಂದಿಗೆ ಇರುತ್ತದೆ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ರೆಕ್ಕೆಯಲ್ಲಿ ಕಾಣಿಸುತ್ತದೆ.

ಎಳೆಗಳು ತುಂಡಾಗಿವೆ ಅಂದಿರಲ್ಲ, ಅದು ಹೆಚ್ಚುಕಡಿಮೆ ಸಹಿ ಹಾಕಿದ ಹಾಗೆ. ಏಂಜೆಲ್‌ನ ಎಳೆ ನೀರಿನಲ್ಲಿ ಹುಳದಂತೆ ಅಲ್ಲಾಡುತ್ತದೆ, ಬಾರ್ಬ್‌ಗೆ ಅದನ್ನು ಬಿಟ್ಟಿರಲು ಆಗುವುದಿಲ್ಲ. ಆದರೆ ಬೆಳ್ಳಗಿನ ಅಂಚಿನ ಬಗ್ಗೆ ಒಂದು ಅನುಮಾನ ಉಳಿಯುತ್ತದೆ. ಇವತ್ತು ಒಂದು ಫೋಟೋ ತೆಗೆದಿಡಿ, ಎರಡು ದಿನ ಬಿಟ್ಟು ಅದೇ ಬದಿಯಿಂದ ಇನ್ನೊಂದು. ಬಿಳುಪು ಒಳಕ್ಕೆ ಸರಿದಿದ್ದರೆ ರಾಟ್, ಅಲ್ಲೇ ಇದ್ದರೆ ಗಾಯ ಮಾಯುತ್ತಿದೆ.

ಕೆರೆಯೇರಿ:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಬಾರ್ಬ್ ಮೇಲೆ ತಪ್ಪು ಹೊರಿಸುವ ಮೊದಲು ಆ ‘ಸಕ್ಕರ್’ ಯಾರೆಂದು ನೋಡಿ. ನಮ್ಮ ಅಂಗಡಿಗಳಲ್ಲಿ ಗಾಜಿಗೆ ಅಂಟುವ ಮೀನಿಗೆಲ್ಲ ಸಕ್ಕರ್ ಅಂತಲೇ ಹೆಸರು. ಮೈಮೇಲೆ ಗಟ್ಟಿ ಫಲಕಗಳು, ಎತ್ತರದ ಬೆನ್ನುರೆಕ್ಕೆ, ಚುಕ್ಕೆಗಳಿದ್ದರೆ ಅದು ಪ್ಲೆಕೋ. ನುಣುಪಾದ ಉದ್ದ ಮೈ, ಚಿನ್ನದ ಬಣ್ಣ, ಕಲ್ಲಿನಿಂದ ಕಲ್ಲಿಗೆ ಬಾಣದಂತೆ ಓಡುವುದಿದ್ದರೆ ಅದು ಚೈನೀಸ್ ಆಲ್ಗೀ ಈಟರ್. ಹಳದಿ, 4 ಇಂಚು ಅಂದರೆ ಎರಡನೆಯದೇ ಇರಬೇಕು.

ಮರಿಯಾಗಿದ್ದಾಗ ಅದು ಪಾಚಿ ತಿನ್ನುತ್ತದೆ. ಬೆಳೆದಂತೆ ಪಾಚಿಯ ಮೇಲಿನ ಆಸೆ ಕಡಿಮೆಯಾಗಿ, ಜಾಗಕ್ಕಾಗಿ ಜಗಳ ಜಾಸ್ತಿಯಾಗುತ್ತದೆ. ಏಂಜೆಲ್, ಡಿಸ್ಕಸ್‌ನಂಥ ಚಪ್ಪಟೆ ಮೈಯ ಮೀನಿನ ಪಕ್ಕಕ್ಕೆ ರಾತ್ರಿ ಅಂಟಿಕೊಂಡು ಲೋಳೆಯನ್ನೇ ಹೀರುತ್ತದೆ. ಲೋಳೆ ಹೋದ ಕಡೆ ಬ್ಯಾಕ್ಟೀರಿಯಾ ಹೊಗಲು ಬಾಗಿಲು ತೆರೆದಂತೆ. ಆ ಗಾಯ ರೆಕ್ಕೆಯಲ್ಲಿ ಇರುವುದಿಲ್ಲ, ಮೈಯ ಪಕ್ಕದಲ್ಲಿ ಮಾಸಲು ವೃತ್ತದ ಹಾಗೆ ಇರುತ್ತದೆ.

ಕಾವಲು ಮೂರು ಹೊತ್ತು ಬೇಕು. ಬೆಳಿಗ್ಗೆ ಲೈಟ್ ಹಾಕಿದ ಕೂಡಲೇ, ಊಟ ಹಾಕುವ ಹತ್ತು ನಿಮಿಷ ಮುಂಚಿನಿಂದ ಹಾಕಿದ ಹತ್ತು ನಿಮಿಷದವರೆಗೆ, ಮತ್ತೆ ಲೈಟ್ ಆರಿಸಿ ಒಂದು ಗಂಟೆಯಾದ ಮೇಲೆ. ಗಾಜಿಗೆ ಮುಖ ಒತ್ತಿ ಕೂತರೆ ಏನೂ ಕಾಣುವುದಿಲ್ಲ. ನೀವು ಊಟ ತಂದಿದ್ದೀರೆಂದು ಮೀನೆಲ್ಲ ಮುಂದೆ ಬರುತ್ತವೆ, ಜಗಳ ನಿಲ್ಲುತ್ತದೆ. ಆರೇಳು ಅಡಿ ದೂರ ಕುಳಿತು ಹದಿನೈದು ಇಪ್ಪತ್ತು ನಿಮಿಷ ಅಲ್ಲಾಡದೆ ನೋಡಿ. ರಾತ್ರಿಗೆ ಟಾರ್ಚ್ ಮೇಲೆ ಕೆಂಪು ಜೆಲಟಿನ್ ಕಾಗದ ಸುತ್ತಿಕೊಳ್ಳಿ, ಮೀನು ಬೆಚ್ಚುವುದು ಕಡಿಮೆ.

ತುಂಗಾತೀರ:
ಅಲಂಕಾರವನ್ನೂ ಪರೀಕ್ಷಿಸಿ. ಹಳೆಯ ನೈಲಾನ್ ಸೀರೆಯ ತುಂಡನ್ನು ಪ್ಲಾಸ್ಟಿಕ್ ಗಿಡ, ಕಲ್ಲು, ಮರದ ಮೇಲೆ ಎಳೆಯಿರಿ. ಎಲ್ಲಿ ನೂಲು ಸಿಕ್ಕುತ್ತದೋ ಅಲ್ಲಿ ರೆಕ್ಕೆಯೂ ಸಿಕ್ಕುತ್ತದೆ. ಫಿಲ್ಟರ್ ನೀರೆಳೆಯುವ ಬಾಯಿಗೆ ಒಂದು ಸ್ಪಂಜ್ ತುಂಡು ಸಿಕ್ಕಿಸಿ. ಗಾಯವಾಗಿ ಸೋತ ಮೀನು ರಾತ್ರಿ ಅಲ್ಲೇ ಹೋಗಿ ಒರಗುತ್ತದೆ, ಬಾಲ ಒಳಕ್ಕೆ ಸೆಳೆದುಕೊಂಡರೆ ಗಾಯದ ಮೇಲೆ ಗಾಯ.

ಪಾಚಿಕಲ್ಲು:
ಎರಡು ದಿನ ನೋಡಿದ್ದು ಇಷ್ಟು. ಸೀರೆ ತುಂಡು ಎಲ್ಲೂ ಸಿಕ್ಕಲಿಲ್ಲ. ಊಟಕ್ಕೆ ಮುಂಚೆ ಬಾರ್ಬ್‌ಗಳು ಒಂದನ್ನೊಂದು ಅಟ್ಟುತ್ತವೆ. ಅವುಗಳಲ್ಲಿ ಎರಡು, ಏಂಜೆಲ್ ಹಿಂದಿನಿಂದ ಬಂದು ಬಾಲ ಕಚ್ಚಿ ಓಡುತ್ತವೆ. ಗಪ್ಪಿಗಳ ಬಾಲವೂ ಮೊಂಡಾಗಿದೆ. ಗೌರಾಮಿ ಮೇಲಿನ ಎಡ ಮೂಲೆಗೆ ಬಂದವರನ್ನು ಮಾತ್ರ ಓಡಿಸುತ್ತದೆ. ಹಳದಿ ಮೀನು ನುಣುಪು ಮೈಯದೇ, ರಾತ್ರಿ ಒಮ್ಮೆ ಏಂಜೆಲ್ ಪಕ್ಕಕ್ಕೆ ಅಂಟಿದ್ದು ಕಂಡಿತು. ಅಂಚಿನ ಬಿಳುಪು ಫೋಟೋದಲ್ಲಿ ಅಲ್ಲೇ ಇದೆ, ಒಳಗೆ ಸರಿದಿಲ್ಲ.

ನೀಲಿಗಾಜು:
ಹಾಗಾದರೆ ಬಾರ್ಬ್ ಸಂಖ್ಯೆ ಹತ್ತಕ್ಕೆ ಏರಿಸಿ ಸರ್. ಟೈಗರ್ ಬಾರ್ಬ್ ಗುಂಪಿನ ಮೀನು. ಗುಂಪಿನೊಳಗೆ ಯಾರು ಮೇಲು ಯಾರು ಕೆಳಗು ಅನ್ನುವ ತಿಕ್ಕಾಟ ದಿನವಿಡೀ ನಡೆಯುತ್ತಿರುತ್ತದೆ. ಐದೇ ಇದ್ದಾಗ ಆ ಅಟ್ಟಾಟ ಹೊರಗಿನವರ ಮೇಲೆ ತಿರುಗುತ್ತದೆ. ಎಂಟು ಹತ್ತಾದರೆ ತಮ್ಮಲ್ಲೇ ಹಂಚಿಹೋಗುತ್ತದೆ.

ಗುಳ್ಳೆಗೂಡು:
ಮಾತು ನಿಜ, ಈ ಟ್ಯಾಂಕ್‌ಗೆ ಹೊಂದುವುದಿಲ್ಲ. ಲೆಕ್ಕ ಹಾಕಿ: ಇಂಚುಗಳಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. 36×12×15 ಅಂದರೆ 106. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ನೀರು 85 ಲೀಟರ್ ಸುತ್ತಮುತ್ತ. ಅದರಲ್ಲಿ ಈಗಲೇ 13 ಮೀನು, ಅಮೋನಿಯಾ ಸೊನ್ನೆಗೆ ಇಳಿದಿಲ್ಲ, ನೈಟ್ರೇಟ್ 40. ಇನ್ನೈದು ಬಾರ್ಬ್ ಅಂದರೆ ಕೊಳೆಯೂ ಅಷ್ಟು ಜಾಸ್ತಿ.

ಅದಕ್ಕಿಂತ ಮುಖ್ಯ, ಗುಂಪು ದೊಡ್ಡದಾದರೆ ಕಚ್ಚುವುದು ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಚುರುಕಾಗಿ ತಪ್ಪಿಸಿಕೊಳ್ಳುವ ಮೀನಿಗೆ ಆ ಕಡಿಮೆ ಸಾಕು. ಏಂಜೆಲ್ ಅಮೆಜಾನ್ ಕಡೆಯ ನಿಧಾನ ನೀರಿನ ಮೀನು. ಬೇರುಗಳ, ಕಡ್ಡಿಗಳ ಸಂದಿಯಲ್ಲಿ ತೆಪ್ಪಗೆ ನಿಲ್ಲಲು ಮಾಡಿದ ಮೈ ಅದು, ತಿರುಗಿ ಓಡುವುದಕ್ಕಲ್ಲ. ಬಾರ್ಬ್ ಸುಮಾತ್ರಾ ಕಡೆಯದು, ಸದಾ ಓಡಾಡುವ ಮೀನು. ಇವೆರಡನ್ನು ಒಟ್ಟಿಗೆ ಇಡುವುದೇ ತಪ್ಪು. ಗಪ್ಪಿ, ಫೈಟರ್ ಇವುಗಳ ಜೊತೆಗೂ ಅಷ್ಟೇ. ಸರ್ಪೇ ಟೆಟ್ರಾ, ವಿಡೋ ಟೆಟ್ರಾಗಳೂ ಇದೇ ಚಾಳಿಯವು, ಬದಲಿಗೆ ಅವನ್ನು ತರಬೇಡಿ.

ನೀಲಿಗಾಜು:
ಒಪ್ಪಿದೆ. ಹತ್ತರ ಗುಂಪು ಬಾರ್ಬ್‌ಗಳೇ ಇರುವ ಟ್ಯಾಂಕ್‌ಗೆ ಸರಿ, ಏಂಜೆಲ್ ಇರುವಲ್ಲಿ ಅಲ್ಲ.

ಕೆರೆಯೇರಿ:
ಈಗ ತೆಗೆಯಬೇಕಾದದ್ದು ಯಾರನ್ನು? ಬಹಳ ಜನ ಗಾಯಗೊಂಡ ಮೀನನ್ನು ಹಿಡಿದು ಬೇರೆ ಕಡೆ ಹಾಕುತ್ತಾರೆ. ಇಲ್ಲಿ ಹಾಗೆ ಮಾಡಬೇಡಿ. ಏಂಜೆಲ್ ತಿನ್ನುತ್ತಿದೆ, ರಾಟ್ ಇಲ್ಲ. ಬಲೆಗೆ ಸಿಕ್ಕಿಸಿ, ಹೊಸ ಜಾಗಕ್ಕೆ ಹಾಕಿ ಹೆದರಿಸುವುದಕ್ಕಿಂತ ಅದು ಇದ್ದಲ್ಲೇ ಇರಲಿ. ಬಾರ್ಬ್ ಐದನ್ನೂ, ಹಳದಿ ಮೀನನ್ನೂ ತೆಗೆಯಿರಿ. ಕಚ್ಚುವ ಎರಡನ್ನು ಮಾತ್ರ ತೆಗೆದರೆ ಉಳಿದ ಮೂರರಲ್ಲಿ ಒಂದು ವಾರದೊಳಗೆ ಆ ಜಾಗ ಹಿಡಿಯುತ್ತದೆ. ಏಂಜೆಲ್ ಊಟ ಬಿಟ್ಟು ಮೂಲೆ ಸೇರಿದ್ದರೆ, ರಾಟ್ ಬುಡದ ಕಡೆ ಸರಿಯುತ್ತಿದ್ದರೆ ಮಾತ್ರ ಅದಕ್ಕೆ ಬೇರೆ ಟ್ಯಾಂಕ್.

ಬಾರ್ಬ್ ಹಿಡಿಯಲು ಟ್ಯಾಂಕ್ ತುಂಬ ಬಲೆ ಆಡಿಸಿದರೆ ಏಂಜೆಲ್‌ನ ಉಳಿದ ರೆಕ್ಕೆಯೂ ಹೋಗುತ್ತದೆ. ಎರಡು ಲೀಟರ್ ಪೆಟ್ ಬಾಟಲಿಯ ಕತ್ತಿನ ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಬಾಟಲಿಯೊಳಗೇ ತುರುಕಿ, ಅಂಚಿಗೆ ಎರಡು ತೂತು ಮಾಡಿ ದಾರ ಕಟ್ಟಿ. ಬಾಯಿ ಬಾರ್ಬ್ ಹೋಗುವಷ್ಟು ಅಗಲವಿರಬೇಕು, ಕಿರಿದಾದರೆ ಕತ್ತನ್ನು ಇನ್ನಷ್ಟು ಕತ್ತರಿಸಿ. ಕತ್ತರಿಸಿದ ಅಂಚನ್ನು ಮರಳುಕಾಗದದಿಂದ ಉಜ್ಜಿ. ಒಂದು ದಿನ ಊಟ ನಿಲ್ಲಿಸಿ, ಮರುದಿನ ಬೆಳಿಗ್ಗೆ ಒಳಗೆ ನಾಲ್ಕು ಕಾಳು ಹಾಕಿ ತಳಕ್ಕೆ ಇಳಿಸಿ. ಹಸಿದ ಬಾರ್ಬ್ ಮೊದಲು ಬರುತ್ತದೆ. ಹಳದಿ ಮೀನಿಗೆ ರಾತ್ರಿ ಬೇಯಿಸಿದ ಸೌತೆಕಾಯಿ ಬಿಲ್ಲೆ ಹಾಕಿ ಇದೇ ಬಾಟಲಿ ಇಡಿ.

ತೆಗೆದವುಗಳನ್ನು ಅಂಗಡಿಗೆ ವಾಪಸ್ ಕೊಡಿ ಅಥವಾ ನಾಲ್ಕಡಿ ಬಾರ್ಬ್ ಟ್ಯಾಂಕ್ ಇರುವವರಿಗೆ ಕೊಡಿ. ಕೆರೆ, ಹೊಳೆಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹೊರದೇಶದ ಪ್ಲೆಕೋಗಳು ಹಾಗೇ ಸೇರಿ ನಮ್ಮ ನೀರುಗಳಲ್ಲಿ ಬೀಡುಬಿಟ್ಟಿವೆ.

ತುಂಗಾತೀರ:
ಗಪ್ಪಿಗಳನ್ನೂ ಬೇರೆ ಇಡುವುದು ವಾಸಿ. ಏಂಜೆಲ್ ದೊಡ್ಡದಾದರೆ ಬಾಯಿಗೆ ಹಿಡಿಸಿದ್ದೆಲ್ಲ ಊಟ. ಗಪ್ಪಿಗೆ ನಿಮ್ಮ ಬೋರ್‌ವೆಲ್‌ನ ಗಡಸು ನೀರೇ ಒಗ್ಗುತ್ತದೆ. ನಾಲ್ಕೂ ಗಂಡಾದ್ದರಿಂದ ತಮ್ಮಲ್ಲೇ ಕಿತ್ತಾಡುವುದೂ ಇರುತ್ತದೆ. ಹೆಣ್ಣು ಸೇರಿಸುವುದಾದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು. ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳಬಾರದು. ಮರಿ ತುಂಬಿಕೊಳ್ಳುತ್ತವೆ ಅನ್ನುವುದೂ ಗೊತ್ತಿರಲಿ.

ಪಾಚಿಕಲ್ಲು:
ಅಮೋನಿಯಾ 0.25 ಅನ್ನುವುದು ಅಷ್ಟೊಂದು ಕೆಟ್ಟದ್ದೇ? ಉಪ್ಪು ಹಾಕಬಹುದೇ?

ಗುಳ್ಳೆಗೂಡು:
ಪಿಎಚ್ ನೋಡಿ ಹೇಳಬೇಕಾದ ಮಾತು. ಟೆಸ್ಟ್ ಕಿಟ್ ತೋರಿಸುವುದು ಅಮೋನಿಯಾ, ಅಮೋನಿಯಂ ಎಂಬ ಎರಡು ರೂಪಗಳ ಒಟ್ಟು ಮೊತ್ತ. ಅದರಲ್ಲಿ ಮೀನಿಗೆ ವಿಷವಾಗುವ ಭಾಗ ಪಿಎಚ್ ಏರಿದಂತೆ ಏರುತ್ತದೆ. 26 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಆ ಭಾಗ ಶೇಕಡಾ 0.6 ಮಾತ್ರ, 7.8ರಲ್ಲಿ ಶೇಕಡಾ 3.7ರ ಹತ್ತಿರ. ಅಂದರೆ ಅದೇ 0.25 ನಿಮ್ಮ ನೀರಿನಲ್ಲಿ ಆರು ಪಟ್ಟು ಕೆಟ್ಟದ್ದು. ಸಾಯಿಸುವ ಮಟ್ಟವಲ್ಲ, ಆದರೆ ಗಾಯ ಮಾಯುವುದನ್ನು ತಡೆಹಿಡಿಯುತ್ತದೆ. ಗಾಯದ ರೆಕ್ಕೆಗೆ ನಿಜವಾದ ಔಷಧಿ ಶುದ್ಧ ನೀರೇ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಫಿನ್ ರಾಟ್ ತರುವ ಏರೋಮೊನಾಸ್, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳು ಎಲ್ಲ ಟ್ಯಾಂಕ್‌ನಲ್ಲೂ ಇದ್ದೇ ಇರುತ್ತವೆ. ಗಟ್ಟಿ ಮೀನಿಗೆ ಏನೂ ಮಾಡುವುದಿಲ್ಲ, ಕೊಳೆ ನೀರಿನಲ್ಲಿ ಸೋತ ಮೀನಿನ ಹರಿದ ಅಂಚಿನಿಂದ ಒಳಗೆ ಹೋಗುತ್ತವೆ.

ಒಂದು ದಿನ ಬಿಟ್ಟು ಒಂದು ದಿನ 20 ರಿಂದ 25 ಲೀಟರ್ ಬದಲಿಸಿ, ಎರಡು ವಾರ. ಹೊಸ ನೀರಿನ ಉಷ್ಣತೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಬೋರ್‌ವೆಲ್, ಕಾವೇರಿ ಪ್ರಮಾಣವನ್ನು ಒಂದೊಂದು ಸಲ ಒಂದೊಂದು ಮಾಡಬೇಡಿ, ಪಿಎಚ್ ಆ ಕಡೆ ಈ ಕಡೆ ತೂಗಿದರೆ ಅದೇ ಒಂದು ಹೊಡೆತ. ಕಾವೇರಿ ನೀರಿನ ಕ್ಲೋರಿನ್‌ಗೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು ಸಾಕು: 10 ಗ್ರಾಂ ಹೈಪೋವನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟರೆ, ಅದರಲ್ಲಿ 20 ಮಿ.ಲೀ. 25 ಲೀಟರ್‌ಗೆ ಸರಿಹೋಗುತ್ತದೆ. ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಇರುವ ನೀರಿನ ಲೆಕ್ಕ ಇದು. ಬ್ಲೀಚಿಂಗ್ ವಾಸನೆ ಜೋರಿರುವ ದಿನ 40 ಹಾಕಿ.

ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ. ಟಾಪ್ ಫಿಲ್ಟರ್ ಮತ್ತು ಸ್ಪಂಜ್ ಎರಡನ್ನೂ ಒಂದೇ ದಿನ ಮುಟ್ಟಬೇಡಿ. ಬಹುತೇಕ ಸಲ 0.25 ಬರುವುದು ಇದರಿಂದಲೇ.

ಕೆರೆಯೇರಿ:
ಉಪ್ಪಿನ ಬಗ್ಗೆ: ದೊಡ್ಡ ಟ್ಯಾಂಕ್‌ಗೆ ಬೇಡ. ಗಿಡಗಳಿಗೆ, ಮುಂದೆ ಕೊರಿಡೋರಾಸ್ (ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು) ತಂದರೆ ಅವಕ್ಕೂ ಒಳ್ಳೆಯದಲ್ಲ. ಬೇರೆ ಟ್ಯಾಂಕ್‌ಗೆ ಹಾಕಬೇಕಾಗಿ ಬಂದರೆ ಲೀಟರಿಗೆ 2 ಗ್ರಾಂ. 20 ಲೀಟರ್ ಟಬ್‌ಗೆ ಮೊದಲ ದಿನ 20 ಗ್ರಾಂ, ಮರುದಿನ 20 ಗ್ರಾಂ, ಬೇರೆ ಮಗ್‌ನಲ್ಲಿ ಕರಗಿಸಿ ನಿಧಾನಕ್ಕೆ ಸುರಿಯಿರಿ. ಕಲ್ಲುಪ್ಪು ಚಮಚದಲ್ಲಿ ಅಳೆಯಬೇಡಿ. ಹರಳಿನ ಗಾತ್ರದ ಮೇಲೆ ತೂಕ ಬದಲಾಗುತ್ತದೆ, ತಕ್ಕಡಿ ಬಳಸಿ. ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ: ನೀರು ಆವಿಯಾದರೆ ಉಪ್ಪು ಹೋಗುವುದಿಲ್ಲ, ಹಾಗಾಗಿ ಬರೀ ನೀರು ತುಂಬಿ. 5 ಲೀಟರ್ ತೆಗೆದು ಬದಲಿಸಿದರೆ ಮಾತ್ರ 10 ಗ್ರಾಂ ಮತ್ತೆ ಹಾಕಿ.

ಉಪ್ಪು ಫಿನ್ ರಾಟ್ ವಾಸಿ ಮಾಡುತ್ತದೆ ಅನ್ನುವುದಕ್ಕಿಂತ, ಗಾಯದ ಮೂಲಕ ಮೈಯೊಳಗೆ ನುಗ್ಗುವ ನೀರನ್ನು ಹೊರಹಾಕುವ ಶ್ರಮವನ್ನು ಮೀನಿಗೆ ಕಡಿಮೆ ಮಾಡುತ್ತದೆ ಅನ್ನುವುದು ಸರಿ. ಹಾಗಾಗಿ ಐದರಿಂದ ಏಳು ದಿನ ಸಾಕು, ಖಾಯಂ ಅಲ್ಲ.

ಟಬ್ ಸಿದ್ಧ ಇಟ್ಟುಕೊಳ್ಳುವುದಂತೂ ಒಳ್ಳೆಯದು. ತಳದಲ್ಲಿ ಜಲ್ಲಿ ಬೇಡ. ಮೂರಿಂಚು ಪಿವಿಸಿ ಪೈಪ್ ತುಂಡು ಒಂದು, ಏಂಜೆಲ್ ಎತ್ತರದ ಮೀನಾದ್ದರಿಂದ ಅದು ಒಳಗೆ ಹೋಗದಿದ್ದರೂ ಪಕ್ಕಕ್ಕೆ ನಿಲ್ಲಲು ಆಸರೆ. 50 ವಾಟ್ ಹೀಟರ್, ಮುಚ್ಚಳ, ಮಂದ ಬೆಳಕು. ಸ್ಪಂಜ್ ಫಿಲ್ಟರ್ ಹೊಸದಾದರೆ ಪ್ರಯೋಜನವಿಲ್ಲ, ದೊಡ್ಡ ಟ್ಯಾಂಕ್‌ನಲ್ಲಿ ಒಂದು ತಿಂಗಳಾದರೂ ಓಡಿದ್ದು ಬೇಕು. ನೀರು ಅರ್ಧ ದೊಡ್ಡ ಟ್ಯಾಂಕ್‌ನದು, ಅರ್ಧ ಹೊಸದು. ದಿನಾ ಕಾಲು ಭಾಗ ಬದಲಿಸಿ. ಮೀನನ್ನು ಬಲೆಯಲ್ಲಿ ಎತ್ತಬೇಡಿ, ಮಗ್ ಅಥವಾ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ನೀಲಿಗಾಜು:
ಹಾಗಾದರೆ ಕೊಟ್ಟ ಔಷಧಿಗಳಿಗೆ ಕೆಲಸವೇ ಇಲ್ಲವೇ?

ಗುಳ್ಳೆಗೂಡು:
ಇದೆ, ಅದರದರ ಹೊತ್ತಿಗೆ. ಗಾಯದ ಮೇಲೆ ಹತ್ತಿಯಂಥ ಬೂದುಬಿಳಿ ಎಳೆಗಳು ಎದ್ದು ನಿಂತರೆ ಅದು ಫಂಗಸ್. ಆಗ ಟಬ್‌ನಲ್ಲಿ ಮೆಥಿಲೀನ್ ಬ್ಲೂ, ಲೀಟರಿಗೆ 2 ಮಿ.ಗ್ರಾಂ. ಶೇಕಡಾ 1ರ ದ್ರಾವಣವಾದರೆ 20 ಲೀಟರ್‌ಗೆ 4 ಮಿ.ಲೀ. ಬಾಟಲಿಯ ಮೇಲೆ ಶಕ್ತಿ ಎಷ್ಟೆಂದು ಬರೆದಿಲ್ಲದಿದ್ದರೆ ಹನಿ ಲೆಕ್ಕದಲ್ಲಿ ಊಹಿಸಿ ಹಾಕಬೇಡಿ. ಆ ಟಬ್‌ಗೆ ಸ್ಪಂಜ್ ಫಿಲ್ಟರ್ ಬೇಡ, ಬರೀ ಏರ್ ಸ್ಟೋನ್, ನೀರು ಬದಲಿಸುತ್ತಾ ಅಮೋನಿಯಾ ಇಳಿಸುತ್ತಿರಬೇಕು. ನೀಲಿ ಬಣ್ಣ ಟಬ್‌ಗೂ ಕೈಗೂ ಹಿಡಿಯುತ್ತದೆ.

ಆಂಟಿಬಯೋಟಿಕ್‌ಗೆ ಕೈ ಹಾಕುವುದು ರಾಟ್ ರೆಕ್ಕೆಯ ಬುಡ ಮುಟ್ಟಿದಾಗ, ಮೈಮೇಲೆ ಕೆಂಪು ಗೆರೆ ಹರಡಿದಾಗ ಅಥವಾ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗದ ಅನುಮಾನ ಬಂದಾಗ. ಕಾಲಮ್ನಾರಿಸ್‌ನಲ್ಲಿ ಬಾಯಿ ಸುತ್ತ ಬಿಳಿ, ಬೆನ್ನ ಮೇಲೆ ಜೀನು ಹಾಕಿದಂಥ ಮಾಸಲು ಪಟ್ಟೆ ಬರುತ್ತದೆ. ಫಂಗಸ್ ಅಂತ ತಪ್ಪು ತಿಳಿಯುವವರೇ ಹೆಚ್ಚು. ಅದು ಬಿಸಿ ನೀರಿನಲ್ಲಿ ಜೋರಾಗುತ್ತದೆ. ಎಲ್ಲ ಕಾಯಿಲೆಗೂ ಹೀಟರ್ 30ಕ್ಕೆ ಏರಿಸುವ ಅಭ್ಯಾಸ ಇದೆಯಲ್ಲ, ಇಲ್ಲಿ ಅದು ಮೀನನ್ನು ಕೊಲ್ಲುತ್ತದೆ. 25ರ ಹತ್ತಿರ ಇಡಿ, ಗಾಳಿ ಜಾಸ್ತಿ ಕೊಡಿ.

ನಿಮ್ಮ ಕ್ಯಾಪ್ಸೂಲ್ ಟೆಟ್ರಾಸೈಕ್ಲಿನ್ ಗುಂಪಿನದಾದರೆ ಇನ್ನೊಂದು ತೊಡಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದನ್ನು ಕಟ್ಟಿಹಾಕುತ್ತವೆ. ಬೋರ್‌ವೆಲ್ ನೀರಿಗೆ ಸುರಿದರೆ ನೀರು ಕಂದಾಗುತ್ತದೆ, ಮೀನಿಗೆ ದಕ್ಕುವುದು ಅತಿ ಕಡಿಮೆ. ಅರ್ಧಂಬರ್ಧ ಔಷಧಿಗೆ ಬ್ಯಾಕ್ಟೀರಿಯಾ ಒಗ್ಗಿಕೊಂಡರೆ ಮುಂದೆ ಯಾವುದೂ ಕೆಲಸ ಮಾಡುವುದಿಲ್ಲ. ಅಷ್ಟು ಕೆಟ್ಟ ಪರಿಸ್ಥಿತಿ ಬಂದರೆ ಮೀನಿನ ಕಾಯಿಲೆ ಬಲ್ಲ ಪಶುವೈದ್ಯರನ್ನು ಕೇಳಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಜಲಚರಗಳ ಆರೋಗ್ಯಕ್ಕೆಂದೇ ವಿಭಾಗವಿದೆ.

ತುಂಗಾತೀರ:
ಕಾಡುಬಾದಾಮಿ ಎಲೆ ಹಾಕಬಹುದು, ತೊಂದರೆ ಇಲ್ಲ. ಮರದಿಂದ ತಾನಾಗಿ ಉದುರಿ ಒಣಗಿದ್ದು, ರಸ್ತೆ ಬದಿಯ ಹೊಗೆ ಕುಡಿದದ್ದಲ್ಲ. ತೊಳೆದು 85 ಲೀಟರ್‌ಗೆ ಎರಡು ಎಲೆ. ನೀರು ತಿಳಿ ಚಹಾ ಬಣ್ಣಕ್ಕೆ ಬರುತ್ತದೆ. ನಿಮ್ಮ ಗಡಸು ನೀರಿನಲ್ಲಿ ಪಿಎಚ್ ಇಳಿಯುತ್ತದೆ ಅಂತ ನಿರೀಕ್ಷಿಸಬೇಡಿ. ಬೆಳಕು ಮಂದವಾಗಿ ಮೀನು ತಣ್ಣಗಿರುತ್ತದೆ, ಅಷ್ಟು ಲಾಭ.

ಪಾಚಿಕಲ್ಲು:
ಬಾರ್ಬ್, ಹಳದಿ ಮೀನು, ಗಪ್ಪಿ ಹೊರಗೆ ಹೋಗಿ ಇವತ್ತಿಗೆ ಎಂಟು ದಿನ. ಅಮೋನಿಯಾ 0, ನೈಟ್ರೇಟ್ 20. ಬಾಲದ ತುಂಡು ಹೋದ ಕಡೆ ಈಗ ಗಾಜಿನಂಥ ಪಟ್ಟಿ ಬಂದಿದೆ. ಇದು ಮತ್ತೆ ರಾಟ್ ಶುರುವಾದದ್ದೇ?

ಕೆರೆಯೇರಿ:
ಅಲ್ಲ, ಅದು ಹೊಸ ರೆಕ್ಕೆ. ಹೊಸದು ಬಣ್ಣವಿಲ್ಲದೆ ಪಾರದರ್ಶಕವಾಗಿ, ನುಣುಪಾದ ಅಂಚಿನೊಂದಿಗೆ ಬರುತ್ತದೆ. ರಾಟ್‌ನ ಬಿಳುಪು ಹಾಲಿನಂತೆ, ಆಚೆ ಬದಿ ಕಾಣುವುದಿಲ್ಲ. ಈ ಹಂತದಲ್ಲಿ ಗಾಬರಿಯಾಗಿ ಔಷಧಿ ಸುರಿದು ಕೆಡಿಸಿಕೊಳ್ಳುವವರು ಬಹಳ. ಕಡ್ಡಿಗಳು ಬುಡದಲ್ಲಿ ಉಳಿದಿದ್ದರೆ ಮೂರು ನಾಲ್ಕು ವಾರದಲ್ಲಿ ಬಾಲ ತುಂಬಿಕೊಳ್ಳುತ್ತದೆ, ಬಣ್ಣ ಆಮೇಲೆ ಬರುತ್ತದೆ. ಹೊಟ್ಟೆಯ ಎಳೆಗಳು ಡೊಂಕಾಗಿ ಅಥವಾ ಗಿಡ್ಡವಾಗಿ ಬೆಳೆಯುವುದು ಸಾಮಾನ್ಯ, ಅದರಿಂದ ಮೀನಿಗೆ ತೊಂದರೆ ಇಲ್ಲ. ದಿನಕ್ಕೆ ಎರಡು ಹೊತ್ತು, ಎರಡು ನಿಮಿಷದಲ್ಲಿ ಮುಗಿಸುವಷ್ಟು ಊಟ, ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್. ಚರಂಡಿ ಬದಿಯ ಜೀವಂತ ಟ್ಯೂಬಿಫೆಕ್ಸ್ ಹುಳ ತರಬೇಡಿ.

ಪಾಚಿಕಲ್ಲು:
ಖಾಲಿಯಾದ ಜಾಗಕ್ಕೆ ಮಿಸ್ ಕೇರಳ ತರುವ ಯೋಚನೆ. ನಮ್ಮ ಕಡೆಯದೇ ಮೀನು ಅಂತ.

ಗುಳ್ಳೆಗೂಡು:
ನಮ್ಮ ಪಶ್ಚಿಮ ಘಟ್ಟದ್ದೇ, ನಿಜ. ಆದರೆ 15 ಸೆಂ.ಮೀ. ವರೆಗೆ ಬೆಳೆಯುತ್ತದೆ, ಆರಾದರೂ ಇರಬೇಕು, ಹರಿಯುವ ನೀರು, ನಾಲ್ಕಡಿಗಿಂತ ಉದ್ದದ ಟ್ಯಾಂಕ್ ಬೇಕು. ಅದರ ಓಟಕ್ಕೆ ಏಂಜೆಲ್ ತತ್ತರಿಸುತ್ತದೆ. ಕಾಡಿನ ಹೊಳೆಗಳಲ್ಲಿ ಅದು ಅಳಿವಿನಂಚಿನ ಪಟ್ಟಿಯಲ್ಲೂ ಇದೆ. ತರುವವರು ಟ್ಯಾಂಕ್‌ನಲ್ಲಿ ಮರಿ ಮಾಡಿಸಿದ್ದೇ ಎಂದು ಕೇಳಿ ತರಬೇಕು.

ನಿಮ್ಮ ಟ್ಯಾಂಕ್‌ಗೆ ತಳದಲ್ಲಿ ಕೊರಿಡೋರಾಸ್ 6 ಸಾಕು. ಜಲ್ಲಿ ಚೂಪಾಗಿದ್ದರೆ ಅವುಗಳ ಮೀಸೆ ಸವೆಯುತ್ತದೆ, ನುಣುಪು ಮರಳು ಹಾಕಿ. ಇನ್ನೂ ಬೇಕೆಂದರೆ ಒಂದು ತಿಂಗಳು ಬಿಟ್ಟು ಬೆಳೆದ ರಮ್ಮಿನೋಸ್ ಟೆಟ್ರಾ 8. ಮರಿ ನಿಯಾನ್ ಬೇಡ, ಏಂಜೆಲ್ ನುಂಗುತ್ತದೆ. ಹೊಸ ಮೀನನ್ನು ಟಬ್‌ನಲ್ಲಿ ಮೂರು ವಾರವಾದರೂ ಬೇರೆ ಇಟ್ಟು ನೋಡಿ.

ಬಿಡುವ ದಿನ ಕಲ್ಲು, ಗಿಡಗಳ ಜಾಗ ಬದಲಿಸಿ. ಗೌರಾಮಿಯ ಆ ಎಡ ಮೂಲೆಯ ಗುರುತು ಹೋದರೆ ಎಲ್ಲರೂ ಹೊಸಬರೇ. ನಡುವೆ ಎತ್ತರದ ವ್ಯಾಲಿಸ್ನೇರಿಯಾ ಗಿಡ ಅಥವಾ ಮರದ ತುಂಡಿಟ್ಟು ಈ ಕಡೆಯಿಂದ ಆ ಕಡೆ ಕಾಣದ ಹಾಗೆ ಮಾಡಿ. ಹಳಬರಿಗೆ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ, ಆಮೇಲೆ ಬಿಡಿ. ಗೌರಾಮಿ ಆಮೇಲೂ ಅಟ್ಟಿದರೆ ಅದನ್ನು ಒಂದು ವಾರ ಟಬ್‌ಗೆ ಹಾಕಿ ವಾಪಸ್ ತನ್ನಿ.

ಇನ್ನೊಂದು ವಿಷಯ, ಎರಡು ಏಂಜೆಲ್ ಜೋಡಿಯಾದರೆ ಲೆಕ್ಕವೇ ಬೇರೆ. ಎಲೆಯನ್ನೋ ಫಿಲ್ಟರ್ ಪೈಪನ್ನೋ ಬಾಯಲ್ಲಿ ಉಜ್ಜಲು ಶುರುಮಾಡಿದರೆ ಮೊಟ್ಟೆಗೆ ಜಾಗ ಮಾಡುತ್ತಿವೆ ಎಂದರ್ಥ. ಆಗ ಕಚ್ಚುವವರು ಏಂಜೆಲ್‌ಗಳೇ, ಗೌರಾಮಿಗೆ ಮೂರಡಿಯಲ್ಲಿ ಅಡಗಲು ಜಾಗ ಉಳಿಯುವುದಿಲ್ಲ.

ಪಾಚಿಕಲ್ಲು:
ದೊಡ್ಡದು ಎರಡು ದಿನದಿಂದ ಟಾಪ್ ಫಿಲ್ಟರ್ ಪೈಪ್ ಉಜ್ಜುತ್ತಿದೆ.

ಗುಳ್ಳೆಗೂಡು:
ಹಾಗಾದರೆ ಕೊರಿಡೋರಾಸ್ ಈಗಲೇ ಬೇಡ. ಇವತ್ತೇ ಗೌರಾಮಿಯ ಕಡೆಗೆ ನಡುವೆ ಒಂದು ತಡೆ ಹಾಕಿ. ಪ್ಲಾಸ್ಟಿಕ್ ಜಾಲರಿಯನ್ನು 12×15 ಇಂಚಿಗೆ ಕತ್ತರಿಸಿ, ಎರಡು ಬದಿಗೆ ಫೈಲ್‌ಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ ಪಟ್ಟಿ ಸಿಕ್ಕಿಸಿ ಗಾಜಿಗೆ ಒತ್ತಿ ನಿಲ್ಲಿಸಿ. ಸ್ಪಂಜ್ ಫಿಲ್ಟರ್ ಗೌರಾಮಿಯ ಬದಿಗೆ ಬರಲಿ, ನೀರು ಎರಡೂ ಕಡೆ ಆಡುತ್ತದೆ.